ಮರಗಮ್ಮನ ಕಟ್ಟೆಯ ಮುಂದೆ

ನಮ್ಮಣ್ಣ ಮುಲ್ಲಾ. ಹಾಗೆಂದ ಕೂಡಲೇ ಅವನನ್ನು ದೊಡ್ಡ ಧರ್ಮಪಂಡಿತ ಎಂದುಕೊಳ್ಳಬೇಡಿ. ಅವನಿಗೆ ಬರುವುದು ನಮಾಜಿಗೆ ಬೇಕಾದಷ್ಟು ಓದು, ಅದರ ಮೇಲೆ ಒಂದಕ್ಷರವಿಲ್ಲ. ಕರಜಗಿಯಿಂದ ಒಳಗೆ ಹೋದರೆ ಸಿಗುವ ನಮ್ಮ ಊರಿನಲ್ಲಿ ಮುಲ್ಲಾ ಎಂದರೆ ಕುರಿ, ಆಡು, ಕೋಳಿ ಕೊಯ್ದು ಕೊಡುವವನು. ಅಪ್ಪ ಅದನ್ನೇ ಮಾಡುತ್ತಿದ್ದ, ಅಜ್ಜನೂ ಅದನ್ನೇ ಮಾಡುತ್ತಿದ್ದ. ಊರಲ್ಲಿ ನಮ್ಮವರ ಮನೆಗಳು ಆರೇ ಆರು. ಮುಲ್ಲಾನಿಗೆ ಕೆಲಸ ಕೊಡುತ್ತಿದ್ದವರೆಲ್ಲ ಉಳಿದ ಜನ. ಮಾಂಸ ತಿನ್ನುವ ಯಾವ ಮನೆಯಲ್ಲಿ ಕೋಳಿ ಕೊಯ್ಯಬೇಕಾದರೂ ಮುಲ್ಲಾ ಬಂದು, ಅಲ್ಲಾನ ಹೆಸರು ಹೇಳಿ, ಚೂರಿ ಆಡಿಸಬೇಕು. ಇಲ್ಲದಿದ್ದರೆ ಆ ಮನೆಯ ಮುದುಕಿಯರು "ಇದು ಸತ್ತದ್ದು" ಎಂದು ತಾಟು ಸರಿಸಿಬಿಡುತ್ತಿದ್ದರು. ಪೇಟೆಯವರಿಗೆ ಇದನ್ನು ಹೇಳಿದರೆ ನಾನು ಕಥೆ ಕಟ್ಟುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ನಮ್ಮ ಮನೆಗೂ ಪಕ್ಕದ ಕುರುಬರ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯ ಯಜಮಾನಿಯನ್ನು ನಾವು ದೊಡ್ಡವ್ವ ಎನ್ನುತ್ತೇವೆ. ನನಗೆ ಎಂಟು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಲ್ಲಿಂದ ಮುಂದೆ ನನ್ನ ತಲೆ ಬಾಚಿದವಳು, ಹೇನು ಹೆಕ್ಕಿದವಳು, ಶಾಲೆ ತಪ್ಪಿಸಿದರೆ ಬೆನ್ನಿಗೆ ಗುದ್ದಿದವಳು ದೊಡ್ಡವ್ವ. ಅವಳ ಮಗ ನನಗಿಂತ ಚಿಕ್ಕವನು. ಅವನಿಗೆ ಅಕ್ಷರ ತಿದ್ದಿಸಿದ್ದು ನಾನು, ನಮ್ಮ ಕಟ್ಟೆಯ ಮೇಲೆ ಕೂರಿಸಿಕೊಂಡು. ಮುಂದೆ ನಾನು ಕನ್ನಡ ಶಾಲೆಯ ಟೀಚರ್ ಆದಾಗ ದೊಡ್ಡವ್ವ ನನ್ನ ಹೆಸರನ್ನೇ ಬಿಟ್ಟು "ಅಕ್ಕೋರ" ಅನ್ನತೊಡಗಿದಳು. ಮೊದಲು ಚೇಷ್ಟೆಗೆ ಅಂದದ್ದು, ಆಮೇಲೆ ಅದೇ ಖಾಯಂ ಆಯಿತು.

ಆಳಂದ ನನ್ನ ಗಂಡನ ಮನೆ. ನರೋಣಾದ ಶಾಲೆಯಲ್ಲಿ ಕೊನೆಯ ಕೆಲವು ವರ್ಷ ಕಲಿಸಿ ನಿವೃತ್ತಳಾದೆ. ಸುಮ್ಮನೆ ಕೂಡ್ರುವ ಜಾತಿಯವಳಲ್ಲ ನಾನು. ಯಾರದೋ ವಿಧವಾ ವೇತನ ನಿಂತಿದೆ, ಯಾರದೋ ಮಗಳ ವಿದ್ಯಾರ್ಥಿವೇತನ ಬಂದಿಲ್ಲ, ಯಾವ ಊರಿನಲ್ಲೋ ಖಬರಸ್ತಾನದ ಹಾದಿಗೆ ಬೇಲಿ ಹಾಕಿದ್ದಾರೆ ಎಂದು ಹೆಂಗಸರು ಬರುತ್ತಿದ್ದರು. ನಾನು ಅರ್ಜಿ ಬರೆದು ಕೊಡುತ್ತಿದ್ದೆ. ಕಲಬುರ್ಗಿಯಲ್ಲಿ ಹಕ್ಕುಗಳ ಬಗ್ಗೆ ಎರಡು ದಿನದ ತರಬೇತಿ ಆಯಿತು, ಅದಕ್ಕೂ ಹೋಗಿ ಬಂದೆ. ಅಲ್ಲಿ ಹೇಳಿಕೊಟ್ಟದ್ದನ್ನು ವೇದವಾಕ್ಯದಂತೆ ಹಿಡಿದುಕೊಂಡೆ. ಅರ್ಜಿಯಲ್ಲಿ ಅಳಬೇಡಿ, ವಿವರ ಬರೆಯಿರಿ. ಯಾರು, ಎಲ್ಲಿ, ಯಾವಾಗ, ಯಾರ ಎದುರಿಗೆ. ಇದರ ಜೊತೆಗೆ ನನ್ನದೂ ಒಂದು ಕಾನೂನಿತ್ತು. ಹೆಬ್ಬೆಟ್ಟು ಒತ್ತುವ ಹೆಂಗಸರಿಗೆ ಮೊದಲು ಪೂರ್ತಿ ಓದಿ ಹೇಳಬೇಕು. "ಖಾಲಿ ಹಾಳಿಗಿ ಹೆಬ್ಬೆಟ್ಟು ಒತ್ತಿದ್ರ ನಾಳಿ ನಿಮ್ಮ ಹೊಲ ಹೋಗತದ, ತಿಳೀತಿಲ್ಲೋ?" ಎಂದು ಗದರುತ್ತಿದ್ದೆ. ನನ್ನ ಚೀಲದಲ್ಲಿ ಯಾವಾಗಲೂ ಬಿಳಿ ಹಾಳೆ, ಕಾರ್ಬನ್ನು, ಶಾಯಿ ಪ್ಯಾಡು ಇರುತ್ತಿದ್ದವು.

ಹೋದ ವರ್ಷದ ಬೇಸಿಗೆಯಲ್ಲಿ ದೊಡ್ಡವ್ವನ ಮೊಮ್ಮಗಳ ಜವಳ. ಕೂದಲು ತೆಗೆಸಿ ಹೊಲದ ಮರಗಮ್ಮನಿಗೆ ಆಡು ಕೊಡುತ್ತೇವೆ ಎಂದು ಅವಳು ಎಂದೋ ಹರಕೆ ಹೊತ್ತಿದ್ದಳು. ಮಂಗಳವಾರ ಬೇವಿನ ಮರದ ಕೆಳಗಿನ ಕಟ್ಟೆಯ ಮುಂದೆ ನಮ್ಮಣ್ಣ ಆ ಆಡನ್ನು ಕೊಯ್ದ. ಎಂದಿನಂತೆ ಅವನು ತನ್ನ ದೇವರ ಹೆಸರು ಹೇಳಿದ, ದೊಡ್ಡವ್ವ ತನ್ನ ದೇವಿಯ ಹೆಸರು ಹೇಳಿದಳು. ತಲೆ, ಕಾಲುಗಳನ್ನು ದೇವಿಯ ಮುಂದೆ ಇಟ್ಟರು. ಊಟ ಆಯಿತು. ಮುಲ್ಲಾನ ಪಾಲಿನ ಮಾಂಸವನ್ನು ದೊಡ್ಡವ್ವ ತನ್ನ ಕೈಯಾರೆ ಸ್ಟೀಲ್ ಡಬ್ಬಿಗೆ ತುಂಬಿ ಕೊಟ್ಟಳು. ಡಬ್ಬಿಯ ಮುಚ್ಚಳದ ಮೇಲೆ ಅವಳ ಗಂಡನ ಹೆಸರು ಕೊರೆದಿತ್ತು.

ಅಣ್ಣ ಆ ಡಬ್ಬಿಯನ್ನು ಮನೆಗೆ ತಂದು ಇಟ್ಟಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಅವನ ಮಗಳು ತುಂಬು ಬಸುರಿ, ನಾಲ್ಕು ಊರಿನಾಚೆ ಅವಳ ಗಂಡನ ಮನೆ. ಅವಳು ಅವತ್ತೇ ಬಿಸಿಯಾಗಿ ಮಾಡಿಕೊಂಡು ತಿನ್ನಲಿ ಎಂದು ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು, ಅದೇ ಚೀಲದಲ್ಲಿ ಚೂರಿಯನ್ನೂ ಇಟ್ಟುಕೊಂಡು ಗಾಡಿ ಹತ್ತಿದ. ಕ್ರಾಸಿನಲ್ಲಿ ಐದಾರು ಹುಡುಗರು ನಿಲ್ಲಿಸಿದರು. ಟೊಪ್ಪಿಗೆ, ಗಡ್ಡ, ರಕ್ತ ಹತ್ತಿದ ಚೂರಿ, ಡಬ್ಬಿಯಲ್ಲಿ ಹೆಚ್ಚಿದ ಮಾಂಸ. ಅವರಿಗೆ ಬೇರೆ ಏನು ಬೇಕಿತ್ತು? ದನದ ಮಾಂಸ ಎಂದರು. ಆಡಿನದ್ದು ಅಂದರೆ ಕೇಳಿದವರು ಯಾರು? ತಲೆ, ಕಾಲು ಜೊತೆಗಿದ್ದಿದ್ದರೆ ತೋರಿಸಬಹುದಿತ್ತು. ಅವು ಮರಗಮ್ಮನ ಮುಂದೆ ಇದ್ದವು.

ಅತ್ತಿಗೆಯ ಫೋನ್ ಬರುವ ಮೊದಲೇ ವಿಡಿಯೋ ನನ್ನ ಮೊಬೈಲಿಗೆ ಬಂದಿತ್ತು. ನಮ್ಮ ಓಣಿಯ ಒಂದು ಗುಂಪಿನಲ್ಲಿ ಯಾರೋ ಹಾಕಿದ್ದರು. ಅಣ್ಣ ಎರಡೂ ಕೈ ಜೋಡಿಸಿ ನಿಂತಿದ್ದ. ಅರವತ್ತೆರಡು ವರ್ಷದವನು, ಮೊಮ್ಮಕ್ಕಳ ವಯಸ್ಸಿನವರಿಗೆ "ತಪ್ಪಾಯ್ತ್ರಿ ಯಪ್ಪಾ, ತಪ್ಪಾಯ್ತು" ಎನ್ನುತ್ತಿದ್ದ. ತಪ್ಪೇ ಮಾಡದೆ ತಪ್ಪಾಯಿತು ಎಂದ ಅವನ ಮೇಲೆಯೇ ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತೆ. ವಿಡಿಯೋದ ಕೆಳಗೆ ಬರೆದಿದ್ದ ಮೂರು ಸಾಲಿನಲ್ಲಿ ನಾಲ್ಕು ತಪ್ಪಿದ್ದವು. ಅಂಥ ಹೊತ್ತಿನಲ್ಲೂ ನನ್ನ ಕಣ್ಣು ಅವನ್ನು ಎಣಿಸಿತು. ಹಾಳು ಟೀಚರ್ ಬುದ್ಧಿ!

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಆ ಹುಡುಗರು ಹೊಡೆದು ಪೊಲೀಸರಿಗೆ ಒಪ್ಪಿಸಿದ್ದರು. ಠಾಣೆಯಲ್ಲಿ ಅಣ್ಣ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ತುಟಿ ಒಡೆದಿತ್ತು. ನನ್ನನ್ನು ಕಂಡವನೇ, "ಡಬ್ಬಿ ಇವ್ರೇ ಇಟ್ಕೊಂಡಾರ. ದೊಡ್ಡವ್ವನ ಡಬ್ಬಿ ಅದು. ಕೇಳಿ ಇಸ್ಕೋ" ಅಂದ. ಅವನಿಗೆ ಅದೇ ಚಿಂತೆ. ಸಾಹೇಬರು ಮಾತ್ರ ಮರ್ಯಾದೆಯಿಂದಲೇ ಕೂಡಿಸಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದರು, ತಲೆಯಾಡಿಸಿದರು. ಕೊನೆಗೆ ಅಂದರು:

"ನಿಮ್ಮ ಕನ್ನಡ ಭಾಳ ಛಲೋ ಅದರಿ ಅಕ್ಕೋರ. ನಿಮ್ಮವರಾಗ ಇಷ್ಟು ಚಂದ ಯಾರ ಮಾತಾಡ್ತಾರ?"

ನನ್ನ ಅಜ್ಜನ ಅಜ್ಜನನ್ನು ಹೂತದ್ದು ಇದೇ ಮಣ್ಣಿನಲ್ಲಿ. ಮೂವತ್ತು ವರ್ಷ ಈ ಸೀಮೆಯ ಮಕ್ಕಳಿಗೆ ಒತ್ತಕ್ಷರ ತಿದ್ದಿದವಳು ನಾನು. ನನಗೆ ಈತ ಕನ್ನಡದ ಸರ್ಟಿಫಿಕೇಟು ಕೊಡುತ್ತಿದ್ದಾನೆ ಎಂದು ಮೈಯೆಲ್ಲ ಉರಿಯಿತು. ಆದರೆ ಅಣ್ಣ ಅವರ ಕೈಯಲ್ಲಿದ್ದ. "ನಿಮ್ಮ ಆಶೀರ್ವಾದರಿ ಸರ್" ಅಂದೆ. ಆ ಮಾತು ಇವತ್ತಿಗೂ ನನ್ನ ನಾಲಿಗೆಗೆ ಕಹಿ.

ಮಾಂಸ ಯಾವುದೆಂದು ಲ್ಯಾಬಿನವರು ಹೇಳಬೇಕು, ಅಲ್ಲಿಯತನಕ ಏನೂ ಆಗುವುದಿಲ್ಲ ಎಂದರು. ಅಂದರೆ ಅಣ್ಣ ಹೊರಗೆ ಬರಬೇಕಾದರೆ ಆ ದಿನ ಆಡು ಕೊಯ್ಯಿಸಿದವರು ಬಾಯಿ ಬಿಟ್ಟು ಹೇಳಬೇಕು. ಅಷ್ಟೇ ತಾನೇ ಎಂದುಕೊಂಡೆ. ಅಲ್ಲಿಂದ ನೇರ ಊರಿಗೆ ಹೋದೆ. ದೊಡ್ಡವ್ವ ನನ್ನ ಕುತ್ತಿಗೆ ತಬ್ಬಿ ಅತ್ತಳು. ಅವಳ ಮಗ ಆಗಲೇ ಅಂಗಿ ಹಾಕಿಕೊಂಡು ನಿಂತಿದ್ದ.

"ಅಕ್ಕಾ, ನೀ ಯಾಕ ಫಿಕರ್ ಮಾಡ್ತಿ? ನಾ ಬರ್ತೇನಿ. ಎಲ್ಲಿ ಹೇಳಬೇಕಂತಿ ಅಲ್ಲಿ ಹೇಳತೇನಿ. ಆಡು ನಂದು, ಹರಕಿ ನಮ್ಮದು. ಮುಲ್ಲಾಂದೇನು ತಪ್ಪದ?"

"ನಿನ್ನ ಹೆಸರು ಸಾಕ್ಷಿ ಅಂತ ಹಾಕಲೇನು?"

"ಹಾಕಕ್ಕಾ. ದಪ್ಪ ಅಕ್ಷರದಾಗ ಹಾಕು."

ಅವತ್ತು ನಮ್ಮ ಕಟ್ಟೆಯ ಮೇಲೆ ಕೂತು ಎರಡು ಪುಟದ ಅರ್ಜಿ ಬರೆದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾದ ಅರ್ಜಿ ಬರೆದಿರಲಿಲ್ಲ. ಯಾರು, ಎಲ್ಲಿ, ಯಾವಾಗ, ಯಾರ ಎದುರಿಗೆ. ವಾರ, ಹೊತ್ತು, ಆಡಿನ ಬಣ್ಣ, ಡಬ್ಬಿಯ ಮೇಲಿನ ಹೆಸರು, ಎಲ್ಲ. "ಸದರಿ ಆಡನ್ನು ಹೊಲದಲ್ಲಿರುವ ಮರಗಮ್ಮನ ಕಟ್ಟೆಯ ಮುಂದೆ, ಹರಕೆಯ ನಿಮಿತ್ತ ಕೊಯ್ಯಲಾಗಿದ್ದು" ಎಂದು ಬರೆದೆ. ದೊಡ್ಡವ್ವನ ಮಗನಿಗೆ ಪೂರ್ತಿ ಓದಿ ಹೇಳಿದೆ. ಅವನು "ಬರೋಬರಿ ಅದ" ಎಂದು ಸಹಿ ಮಾಡಿದ. ನಾನೇ ತಿದ್ದಿಸಿದ ಅಕ್ಷರ, ಇನ್ನೂ ಅಷ್ಟೇ ದುಂಡಗೆ ಬರೆಯುತ್ತಾನೆ. ಐದು ಪ್ರತಿ ಮಾಡಿ, ಠಾಣೆಯಿಂದ ಹಿಡಿದು ಡಿ.ಸಿ. ಕಚೇರಿಯತನಕ ಐದು ಕಡೆ ಕೊಟ್ಟೆ, ಐದಕ್ಕೂ ಸ್ವೀಕೃತಿಯ ಸೀಲು ಹಾಕಿಸಿಕೊಂಡೆ. ಬಸ್ಸಿನಲ್ಲಿ ಆ ಸೀಲುಗಳನ್ನು ಎರಡು ಸಲ ತೆಗೆದು ನೋಡಿಕೊಂಡೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ವಕೀಲರೊಬ್ಬರು ಜೇವರ್ಗಿಯಲ್ಲಿದ್ದಾರೆ, ನನ್ನ ಯಜಮಾನರ ಗೆಳೆಯರ ಮಗ. ಜಾಮೀನಿನ ಕೆಲಸಕ್ಕೆ ಅವರ ಹತ್ತಿರ ಹೋದಾಗ ಅರ್ಜಿಯ ಪ್ರತಿಯನ್ನು ಹೆಮ್ಮೆಯಿಂದ ಮುಂದಿಟ್ಟೆ. ಅವರು ಓದುತ್ತ ಹೋದರು. ಎರಡನೇ ಪುಟದಲ್ಲಿ ನಿಂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಚಿಗವ್ವಾ, ಇದನ್ನ ಕೊಟ್ಟಬಿಟ್ಟೀರೇನ್ರಿ?"

"ಐದೂ ಕಡಿ ಕೊಟ್ಟೇನಿ. ಸೀಲು ನೋಡಪ್ಪಾ."

"ದೇವರ ಮುಂದ ಬಲಿ ಕೊಡೂದು ಅಪರಾಧ ಅದರಿ. ಅದಕ್ಕ ಬ್ಯಾರೇ ಕಾನೂನು ಅದ, ಕೊಯ್ದವ್ರಿಗೂ ಕೊಯ್ಸಿದವ್ರಿಗೂ. ನೀವು ಕಟ್ಟಿ ಮುಂದ, ಹರಕಿಗಿ ಅಂತ ಬರದೀರಿ. ಕೆಳಗ ಆ ಮನುಷ್ಯಾನ ಸಹಿ ಅದ. ಅವ ಈಗ ನಿಮ್ಮಣ್ಣನ್ನ ಬಿಡಿಸಬೇಕಂದ್ರ ತಾನೇ ಸಿಕ್ಕೊಬೇಕಾಗತದ."

ಹಾಗಾದರೆ ಏನು ಬರೆಯಬೇಕಿತ್ತು ಎಂದು ಕೇಳಿದೆ.

"ಮನಿಯಾಗ ಊಟಕ್ಕ ಕೊಯ್ಸಿದ್ರು. ಇಷ್ಟ ಸಾಕಿತ್ತು."

"ಆದ್ರ ಮನಿಯಾಗ ಕೊಯ್ಲಿಲ್ಲಲ್ಲೋ ತಮ್ಮಾ."

"ನನಗೂ ಗೊತ್ತದರಿ" ಎಂದು ಅವರು ಮೆಲ್ಲಗೆ ಅಂದರು.

ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಊರಿನ ಜನ ನೂರಾರು ವರ್ಷದಿಂದ ಮಾಡುತ್ತ ಬಂದದ್ದು, ಎಲ್ಲರೂ ನೋಡಿ ನೋಡದಂತಿದ್ದದ್ದು, ಅದನ್ನು ನಾನು ದುಂಡಗೆ ಬರೆದು ಸೀಲು ಹಾಕಿಸಿ ಬಂದಿದ್ದೆ. ಐದೂ ಕಡೆ ಮತ್ತೆ ಅಲೆದೆ. ಒಂದು ಹಾಳೆಯನ್ನು ವಾಪಸ್ ಕೊಡಿ, ಬದಲಾಯಿಸಿ ಕೊಡುತ್ತೇನೆ ಎಂದು ಬೇಡಿಕೊಂಡೆ. ಒಬ್ಬ ಗುಮಾಸ್ತರು ನಕ್ಕರು. "ಕೊಟ್ಟ ಅರ್ಜಿ ವಾಪಸ್ ತಗೊಳ್ಳಾಕ ಬರಂಗಿಲ್ರಿ ಅಕ್ಕೋರ. ನೀವೇ ಎಲ್ಲರಿಗೂ ಹೇಳತೀರಲ್ಲ." ಹೌದು, ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ವಾರದೊಳಗೆ ದೊಡ್ಡವ್ವನ ಮಗನನ್ನು ಕರೆಸಿದರು. ಕಟ್ಟೆಯ ಮುಂದೆ ಕೊಯ್ದದ್ದು ಹೌದೋ ಅಲ್ಲವೋ ಎಂದು ಕೇಳಿದರಂತೆ. ಹೊರಗೆ ಆ ಕ್ರಾಸಿನ ಹುಡುಗರು ಕಾಯುತ್ತಿದ್ದರಂತೆ. ನಿನ್ನ ಹೆಸರು ಅವರ ಅರ್ಜಿಯಲ್ಲಿ ಯಾಕಿದೆ, ನೀನು ಯಾರ ಕಡೆಯವನು ಎಂದರಂತೆ. ಅವನು ಹೇಳಿಕೆ ಬರೆದು ಕೊಟ್ಟ. ಆ ದಿನ ನಾವು ಆಡು ಕೊಯ್ಯಿಸಿಲ್ಲ, ಮುಲ್ಲಾ ನಮ್ಮಲ್ಲಿಗೆ ಬಂದಿಲ್ಲ, ಅರ್ಜಿಯಲ್ಲಿ ಏನಿತ್ತೋ ತಿಳಿಯದೆ ಸಹಿ ಹಾಕಿದೆ, ಡಬ್ಬಿ ನಮ್ಮದೇ ಆದರೂ ಎಂದೋ ಕಳೆದುಹೋಗಿತ್ತು.

ಜಗಳ ಮಾಡಲೆಂದೇ ನಾನು ಊರಿಗೆ ಹೋದೆ. ಬಾಯಿಗೆ ಬಂದದ್ದೆಲ್ಲ ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವನು ದನದ ಕೊಟ್ಟಿಗೆಯಲ್ಲಿದ್ದ. ನನ್ನನ್ನು ಕಂಡು ಎದ್ದು ನಿಂತ, ತಲೆ ಎತ್ತಲಿಲ್ಲ.

"ಅಕ್ಕಾ, ನೀ ಕಲಿತಾಕಿ. ಅದನ್ನ ಬರೀಬಾರದಂತ ನಿನಗ ಗೊತ್ತಿರಲಿಲ್ಲೇನು?"

ಗೊತ್ತಿರಲಿಲ್ಲ ಎಂದೆ.

"ನನಗೂ ಗೊತ್ತಿರಲಿಲ್ಲ. ನನಗ ಎರಡು ಹೆಣ್ಣುಮಕ್ಕಳವ. ನಾ ಒಳಗ ಹೋದ್ರ..." ಅಂದವನು ಎಮ್ಮೆಯ ಮೈ ಸವರುತ್ತ ನಿಂತ. ನಾನು ಜೋಡಿಸಿಕೊಂಡಿದ್ದ ಮಾತುಗಳನ್ನು ಹಾಗೇ ಹೊತ್ತುಕೊಂಡು ತಿರುಗಿ ಹೊರಟೆ. ಅವನ ಮೇಲೆ ಸಿಟ್ಟು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಇತ್ತು, ಈಗಲೂ ಇದೆ. ಆದರೆ ಅವನನ್ನು ಆ ಜಾಗದಲ್ಲಿ ತಂದು ನಿಲ್ಲಿಸಿದವಳು ನಾನು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಜನ ನೋಡುತ್ತಾರೆಂಬ ಖಬರಿಲ್ಲದೆ ಅತ್ತೆ.

ಅಣ್ಣನಿಗೆ ಜಾಮೀನು ಸಿಕ್ಕಿದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಅವನ ಮಗಳ ಹೆರಿಗೆ ಆಗಿತ್ತು. ಮಗುವನ್ನು ತಂದು ಮಡಿಲಲ್ಲಿ ಹಾಕಿದರೆ, "ನನ್ನ ಕೈ ಬ್ಯಾಡ" ಅಂದ. ಯಾಕೆ ಹಾಗೆಂದನೋ ನಾನು ಕೇಳಲಿಲ್ಲ. ಆಮೇಲೆ ಲ್ಯಾಬಿನ ಕಾಗದ ಬಂತು. ಮಾದರಿ ಕೆಟ್ಟುಹೋಗಿದೆ, ಯಾವ ಪ್ರಾಣಿಯದೆಂದು ಹೇಳಲಾಗುವುದಿಲ್ಲ. ಆಡೂ ಅಲ್ಲ, ದನವೂ ಅಲ್ಲ! ವಕೀಲರು ಅಂದರು, "ಇನ್ನ ಸಾಕ್ಷಿ ಒಂದೇ ಹಾದಿ ಉಳೀತ್ರಿ." ಅವತ್ತು ಉಂಡು ಹೋದವರೆಲ್ಲ ಆಗಲೇ ತಮಗೇನೂ ಗೊತ್ತಿಲ್ಲ ಅಂದಿದ್ದರು. ಕಲಬುರ್ಗಿಯಲ್ಲಿ ನನಗೆ ತರಬೇತಿ ಕೊಟ್ಟಿದ್ದ ಹಕ್ಕುಗಳ ಕಮಿಟಿಯವರು ಸಾಕ್ಷಿ ತಿರುಗಿಬಿದ್ದದ್ದನ್ನು ಪತ್ರಿಕೆಗೆ ಕೊಡೋಣ ಎಂದರು. ಅವನ ಹೆಸರು ಹಾಕುತ್ತೀರಾ ಎಂದು ಕೇಳಿದೆ. ಹಾಕದಿದ್ದರೆ ಯಾರು ನಂಬುತ್ತಾರೆ ಎಂದರು. ಬೇಡ ಎಂದು ಎದ್ದು ಬಂದೆ. ಅವರಿಗೆ ನನ್ನ ಮೇಲೆ ಬೇಸರವಾಗಿದೆ.

ಈಗ ಊರಲ್ಲಿ ಯಾರೂ ಮುಲ್ಲಾನನ್ನು ಕರೆಯುವುದಿಲ್ಲ. ಕರೆದರೂ ಅವನು ಹೋಗುವುದಿಲ್ಲ. ಅವನ ಚೂರಿ ಇನ್ನೂ ಠಾಣೆಯಲ್ಲೇ ಇದೆ, ಡಬ್ಬಿಯೂ ಅಲ್ಲೇ. ಕೆಲವರು ಅಂಗಡಿಯಿಂದ ಕೋಳಿ ತರುತ್ತಾರೆ, ಕೆಲವರು ತಾವೇ ಕೊಯ್ದುಕೊಳ್ಳುತ್ತಾರೆ. ದೊಡ್ಡವ್ವ ಮಾತ್ರ ಅಂದಿನಿಂದ ಮಾಂಸ ಬಿಟ್ಟಿದ್ದಾಳೆ ಎಂದು ಅತ್ತಿಗೆ ಹೇಳಿದಳು. ಮಗನ ಜೊತೆ ಮಾತನ್ನೂ ಬಿಟ್ಟಿದ್ದಾಳಂತೆ. ಗೋಡೆಯ ಆ ಕಡೆಯಿಂದ ಅವಳು ಕೆಮ್ಮುವುದು ಕೇಳಿಸುತ್ತದೆ, ಅಣ್ಣ ಸುಮ್ಮನೆ ಕೂತು ಕೇಳುತ್ತಾನೆ.

ಹೋದ ತಿಂಗಳು ಕೋರ್ಟಿನ ತಾರೀಕಿನ ಹಿಂದಿನ ದಿನ ನಾನು ಊರಲ್ಲಿದ್ದೆ. ಮಧ್ಯಾಹ್ನ, ಮಗ ಹೊಲಕ್ಕೆ ಹೋದ ಹೊತ್ತು ನೋಡಿ, ದೊಡ್ಡವ್ವ ಕೋಲು ಊರಿಕೊಂಡು ನಮ್ಮ ಮನೆಗೆ ಬಂದಳು. ವರ್ಷದಲ್ಲಿ ಅದೇ ಮೊದಲ ಸಲ. ಕೂತವಳೇ ಹೇಳಿದಳು:

"ಅಕ್ಕೋರ, ಹಾಳಿ ತಗಿ. ಬರಿ. ಮುಲ್ಲಾ ನಮ್ಮ ಆಡು ಕೊಯ್ದಾನ. ಮಾಂಸ ನಾನ ಡಬ್ಬಿಗಿ ಹಾಕೀನಿ. ನನ್ನ ಮಗ ಸುಳ್ಳು ಹೇಳ್ಯಾನ. ಬರಿ, ಹೆಬ್ಬೆಟ್ಟು ಒತ್ತತೇನಿ."

ವರ್ಷವಿಡೀ ನಾನು ಹಗಲೂ ರಾತ್ರಿ ಬೇಡಿಕೊಂಡಿದ್ದು ಇದನ್ನೇ. ಹಾಳೆ ತೆಗೆದೆ. "ಇವರಿಗೆ" ಎಂದು ಬರೆಯಲು ಪೆನ್ನು ಊರಿದೆ. ಅಷ್ಟಕ್ಕೇ ಕೈ ನಿಂತಿತು. ಇದನ್ನು ಬರೆದರೆ ಅಣ್ಣ ದನದ ಕೇಸಿನಿಂದ ಉಳಿಯಬಹುದು. ಬರೆದರೆ, ನನ್ನ ಮೊದಲ ಅರ್ಜಿ ಇನ್ನೂ ಐದೂ ಕಡೆ ಇರುವುದರಿಂದ, ದೊಡ್ಡವ್ವನ ಮಗ ಬಲಿಯ ಕೇಸಿಗೂ ಸುಳ್ಳು ಹೇಳಿಕೆಗೂ ಒಳಗೆ ಹೋಗುತ್ತಾನೆ, ಅದೂ ಹೆತ್ತ ತಾಯಿಯ ಹೆಬ್ಬೆಟ್ಟಿನಿಂದ. ನಾನು ಅಣ್ಣನ ಮುಖ ನೋಡಿದೆ. ಬರಿ ಅನ್ನಲಿ, ಬೇಡ ಅನ್ನಲಿ, ಏನಾದರೂ ಒಂದು ಅನ್ನಲಿ ಎಂದು ಕಾದೆ.

"ದೊಡ್ಡವ್ವಾ, ಚಾ ಕುಡೀತಿ?" ಅಂದ ಅಣ್ಣ.

"ಚಾ ಹಾಳಾಗ್ಲಿ! ಏನು ಯೋಚನಿ ಮಾಡಾಕತ್ತೀಬೇ?" ಎಂದು ದೊಡ್ಡವ್ವ ನನ್ನನ್ನು ಗದರಿದಳು. ನನ್ನ ಚೀಲವನ್ನು ತಾನೇ ಎಳೆದುಕೊಂಡು, ಶಾಯಿ ಪ್ಯಾಡು ಹುಡುಕಿ ತೆಗೆದು, ಹೆಬ್ಬೆಟ್ಟು ಅದ್ದಿದಳು. ಖಾಲಿ ಹಾಳೆಯ ಕೆಳತುದಿಯಲ್ಲಿ ಗಟ್ಟಿಯಾಗಿ ಒತ್ತಿದಳು.

"ದೊಡ್ಡವ್ವಾ, ಖಾಲಿ ಹಾಳಿಗಿ ಒತ್ತಬಾರದು" ಅಂದೆ. ಬಾಯಿ ಅಭ್ಯಾಸಕ್ಕೆ ಅಂದುಬಿಟ್ಟಿತು.

"ಮ್ಯಾಲ ಬರಿಯಾಕಿ ನೀನಲ್ಲೇನು?" ಎಂದು ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಎದ್ದು ಹೋದಳು.

ಮರುದಿನ ಕೋರ್ಟಿನಲ್ಲಿ ಅಣ್ಣನ ಹೆಸರು ಕೂಗಿದರು, ಮತ್ತೊಂದು ತಾರೀಕು ಕೊಟ್ಟರು. ಹಾಳೆ ನನ್ನ ಚೀಲದಲ್ಲೇ ಇತ್ತು. ವಕೀಲರಿಗೆ ತೋರಿಸಲಿಲ್ಲ. ಹೊಸ ತಾರೀಕಿಗೆ ಇನ್ನು ಒಂಬತ್ತು ದಿನ ಇವೆ. ದಿನಾ ಬೆಳಿಗ್ಗೆ ಅದನ್ನು ತೆಗೆದು ಮುಂದಿಟ್ಟುಕೊಂಡು ಕೂಡ್ರುತ್ತೇನೆ. ಕೆಳಗೆ ನನ್ನ ತಲೆ ಬಾಚಿದ ಆ ಕೈಯ ಹೆಬ್ಬೆಟ್ಟಿನ ಗುರುತು, ಮೇಲೆ ಪೂರ್ತಿ ಖಾಲಿ. ಏನು ಬರೆಯಬೇಕೆಂದು ನನಗೆ ಗೊತ್ತಿದೆ, ಕೈ ಏಳುವುದಿಲ್ಲ.